ಸ್ಲೈಪ್ನರ್ ಎ ಮುಳುಗಿದ್ದು ಹೇಗೆ: ಮೆಶ್, ಶಿಯರ್ ಮತ್ತು ಒಂದು ಗಿಡ್ಡ ಕಂಬಿ

ನಾರ್ವೆಯ ಸ್ಟವಾಂಗರ್ ಪಕ್ಕದ ಗಾಂಡ್ಸ್‌ಫ್ಯೂರ್ಡ್ ಎಂಬ ಆಳವಾದ ಕಡಲತೋಳಿನಲ್ಲಿ 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎ ಎಂಬ ಕಡಲ ತೈಲ ಮತ್ತು ಅನಿಲ ವೇದಿಕೆಯ ಕಾಂಕ್ರೀಟ್ ತಳಭಾಗ ಮುಳುಗಿತು. ಬಿರುಗಾಳಿ ಇರಲಿಲ್ಲ, ಹಡಗು ಬಂದು ಬಡಿಯಲಿಲ್ಲ, ಕಾಂಕ್ರೀಟಿನ ಗುಣಮಟ್ಟವೂ ಕೆಟ್ಟಿರಲಿಲ್ಲ. ಮೊದಲೇ ಯೋಜಿಸಿದಂತೆ ಅದನ್ನು ನಿಧಾನವಾಗಿ ನೀರಿಗೆ ಇಳಿಸುತ್ತಿದ್ದಾಗ ಒಳಗಿನಿಂದ ದೊಡ್ಡ ಸದ್ದು ಕೇಳಿಸಿತು, ಹಿಂದೆಯೇ ನೀರು ಸುರಿಯುವ ಸದ್ದು. ಪಂಪುಗಳು ಸಾಲಲಿಲ್ಲ. ಮೇಲಿದ್ದ ಎಲ್ಲರನ್ನೂ ಇಳಿಸಿದರು, ಜೀವಹಾನಿ ಆಗಲಿಲ್ಲ. ಇಪ್ಪತ್ತು ನಿಮಿಷವೂ ಆಗುವ ಮೊದಲೇ ತಳಭಾಗ ಕಣ್ಮರೆಯಾಯಿತು. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ತಳಭಾಗದ ಉಳಿದ ಟೊಳ್ಳು ಕೋಶಗಳೂ ಒಳಕ್ಕೆ ಕುಸಿದವು. ತಳಕ್ಕೆ ಬಡಿದ ಹೊಡೆತ ಭೂಕಂಪಮಾಪಕಗಳಲ್ಲಿ 3.0 ಎಂದು ದಾಖಲಾಯಿತು. 220 ಮೀಟರ್ ಆಳದಲ್ಲಿ ಉಳಿದದ್ದು ಕಾಂಕ್ರೀಟ್ ಚೂರುಗಳ ಗುಡ್ಡೆ. ಒಟ್ಟು ಆರ್ಥಿಕ ನಷ್ಟ ಸುಮಾರು 70 ಕೋಟಿ ಡಾಲರ್.

ಈ ಪ್ರಕರಣವನ್ನು ಸಾಮಾನ್ಯವಾಗಿ "ಕಂಪ್ಯೂಟರ್ ತಪ್ಪು ಮಾಡಿತು" ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ. ಪ್ರೋಗ್ರಾಂ ತನಗೆ ಕೊಟ್ಟ ಮಾಡೆಲ್ಲಿಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಎಡವಟ್ಟಾದದ್ದು ಎರಡು ಕಡೆ: ಆ ಉತ್ತರದಿಂದ ಶಿಯರ್ (ಗೋಡೆಯನ್ನು ಅಡ್ಡ ಕತ್ತರಿಸಲು ನೋಡುವ ಬಲ) ಅಂಕಿಯನ್ನು ತೆಗೆದ ಬಗೆಯಲ್ಲಿ ಮತ್ತು ಕಂಬಿಯ ಡ್ರಾಯಿಂಗಿನಲ್ಲಿ. ಎರಡೂ ಕಾಗದದ ಮೇಲೆ ಹತ್ತು ನಿಮಿಷ ಕೂತರೆ ಕಣ್ಣಿಗೆ ಬೀಳುವಂಥವು.

ಕಟ್ಟಡ ಎಂಥದ್ದು

ಉತ್ತರ ಸಮುದ್ರದಲ್ಲಿ 82 ಮೀಟರ್ ಆಳದ ಜಾಗದಲ್ಲಿ ನಿಂತು, ಸ್ಟಾಟ್‌ಆಯಿಲ್ ಕಂಪನಿಗೆ ಅನಿಲ ಮತ್ತು ತೈಲ ತೆಗೆಯಬೇಕಿದ್ದ ವೇದಿಕೆ ಇದು. ಇದರ ಮಾದರಿಯ ಹೆಸರು ಕಾಂಡೀಪ್. ತಳದಲ್ಲಿ ದೊಡ್ಡ ದೊಡ್ಡ ಕಾಂಕ್ರೀಟ್ ಕೋಶಗಳ ಗುಚ್ಛ, ಅವುಗಳಲ್ಲಿ ಕೆಲವು ಮೇಲಕ್ಕೆ ಕಂಬಗಳಾಗಿ ಬೆಳೆದು ಉಕ್ಕಿನ ಡೆಕ್ಕನ್ನು ಹೊರುತ್ತವೆ. ತನ್ನ ತೂಕದಿಂದಲೇ ಕಡಲತಳದ ಮೇಲೆ ಕೂರುವ ಕಟ್ಟಡವಾದ್ದರಿಂದ ನೆಲದೊಳಕ್ಕೆ ಹೊಡೆದಿಳಿಸುವ ಪೈಲುಗಳು ಬೇಕಿಲ್ಲ. ನಾರ್ವೇಜಿಯನ್ ಕಾಂಟ್ರಾಕ್ಟರ್ಸ್ ಸಂಸ್ಥೆ 1970ರ ದಶಕದಿಂದ ಇಂಥವನ್ನು ಕಟ್ಟುತ್ತ ಬಂದಿತ್ತು. ಸ್ಲೈಪ್ನರ್ ಎ ಆ ಸಾಲಿನಲ್ಲಿ 12ನೆಯದು. ಹಿಂದಿನವುಗಳ ಜೊತೆ ಹೋಲಿಸಿದರೆ ಇದು ಅಂಥ ಆಳದ್ದೂ ಅಲ್ಲ, ಅಂಥ ಸಾಹಸದ್ದೂ ಅಲ್ಲ.

ತಳದಲ್ಲಿ 24 ಕೋಶಗಳು, ಒಟ್ಟು ವಿಸ್ತೀರ್ಣ 16,000 ಚದರ ಮೀಟರ್. ಒಂದೊಂದು ಕೋಶದ ವ್ಯಾಸ ಸುಮಾರು 24 ಮೀಟರ್. ನಾಲ್ಕು ಕೋಶಗಳು ಕಂಬಗಳಾಗಿ ಮೇಲೇರುತ್ತವೆ, ಒಟ್ಟು ಎತ್ತರ 110 ಮೀಟರ್. ಡೆಕ್ಕಿನ ತೂಕ 57,000 ಟನ್.

ದುಂಡನೆಯ ಕೋಶಗಳನ್ನು ಒತ್ತೊತ್ತಾಗಿ ಜೋಡಿಸಿದಾಗ ಮೂರು ಕೋಶ ಸೇರುವ ಕಡೆ ನಡುವೆ ತ್ರಿಕೋನದ ಖಾಲಿ ಜಾಗ ಉಳಿಯುತ್ತದೆ. ಅದಕ್ಕೆ ಟ್ರೈಸೆಲ್ ಎನ್ನುತ್ತಾರೆ. ಇಲ್ಲಿ 32 ಟ್ರೈಸೆಲ್‌ಗಳಿದ್ದವು. ದೊಡ್ಡ ಕೋಶಗಳ ಬಾಯಿ ಮುಚ್ಚಿರುತ್ತದೆ, ಒಳಗೆ ತೂಕಕ್ಕೆಂದು ತುಂಬುವ ಬ್ಯಾಲಾಸ್ಟ್ ನೀರು ಎಷ್ಟಿರಬೇಕೆಂದು ಪಂಪಿನಿಂದ ನಿಯಂತ್ರಿಸುತ್ತಾರೆ. ಟ್ರೈಸೆಲ್‌ಗಳ ಬಾಯಿ ಮೇಲೆ ತೆರೆದಿರುತ್ತದೆ, ಕಟ್ಟಡ ಮುಳುಗಿದ ಮೇಲೆ ಕಡಲ ನೀರು ಅದರೊಳಗೆ ತುಂಬಿಕೊಳ್ಳುತ್ತದೆ. ಹೀಗಾಗಿ ಟ್ರೈಸೆಲ್ ಗೋಡೆಯ ಒಂದು ಮಗ್ಗುಲಿಗೆ ಕಡಲಿನ ಪೂರ್ತಿ ಒತ್ತಡ, ಇನ್ನೊಂದು ಮಗ್ಗುಲಿಗೆ ಕೋಶದೊಳಗಿನ ಕಡಿಮೆ ಒತ್ತಡ. ದುಂಡನೆಯ ಕೋಶವನ್ನು ಸುತ್ತಲಿಂದ ಸಮನಾಗಿ ಒತ್ತಿದರೆ ಕಾಂಕ್ರೀಟ್ ಹಿಗ್ಗದೆ ಕುಗ್ಗುತ್ತದೆ, ಅದು ಕಾಂಕ್ರೀಟಿಗೆ ಒಗ್ಗುವ ಕೆಲಸ. ಟ್ರೈಸೆಲ್ ಗೋಡೆಯ ಪಾಡು ಬೇರೆ. ಅದು ಎರಡು ಮೂಲೆಗಳ ನಡುವೆ ಹಾಸಿದ ತೊಲೆಯಂತೆ ಬಾಗುತ್ತದೆ, ಮೂಲೆಗಳನ್ನು ಸೀಳಿ ತೆರೆಯಲು ನೋಡುತ್ತದೆ.

ಆ ದಿನ ನಡೆಯುತ್ತಿದ್ದದ್ದು ಡೆಕ್ ಕೂರಿಸುವ ಮುಂಚಿನ ಪರೀಕ್ಷೆ. ಡೆಕ್ಕನ್ನು ತೆಪ್ಪಗಳ ಮೇಲೆ ತೇಲಿಸಿ ತಂದು ಕಂಬಗಳ ನೆತ್ತಿಯ ಮೇಲೆ ನಿಲ್ಲಿಸಬೇಕಾದರೆ ತಳಭಾಗವನ್ನು ಹೆಚ್ಚುಕಡಿಮೆ ಪೂರ್ತಿ ಮುಳುಗಿಸಬೇಕು. ಅಂದರೆ ಈ ಕಟ್ಟಡ ತನ್ನ ಜೀವಮಾನದಲ್ಲಿ ಕಾಣುವ ಅತಿ ದೊಡ್ಡ ನೀರಿನ ಒತ್ತಡ ಬರುವುದು ಕೆಲಸದ ಜಾಗದಲ್ಲಲ್ಲ, ಕಟ್ಟುವ ಹಂತದಲ್ಲಿ. ಸುಮಾರು 99 ಮೀಟರ್ ಮುಳುಗಿದಾಗ ಗೋಡೆ ಒಡೆಯಿತು. ಕೋಶದೊಳಗಿನ ನೀರನ್ನು ಕಳೆದರೆ ಆಗ ಗೋಡೆಯ ಎರಡು ಮಗ್ಗುಲುಗಳ ನಡುವಿನ ವ್ಯತ್ಯಾಸ 65ರಿಂದ 67 ಮೀಟರ್ ನೀರಿನಷ್ಟು.

ಕೈಲೆಕ್ಕ

ಇದನ್ನು ಭಾರತದ ಕಾಂಕ್ರೀಟ್ ಕೋಡ್ ಐಎಸ್ 456 ಓದಿದ ಯಾರಾದರೂ ಹಾಕಬಹುದು. ನಾರ್ವೆಯವರು ತಮ್ಮ ಕೋಡ್ ಬಳಸಿದ್ದರು, ಕಾಂಕ್ರೀಟೂ ನಮ್ಮ ಟೇಬಲ್‌ನಲ್ಲಿರುವುದಕ್ಕಿಂತ ಬಲವಾದದ್ದು. ಇಲ್ಲಿ ನೋಡಬೇಕಾದದ್ದು ಅಂಕಿಗಳು ಯಾವ ಮಟ್ಟದಲ್ಲಿವೆ ಎಂಬುದನ್ನಷ್ಟೇ.

ಗೋಡೆಯ ದಪ್ಪ 550 ಮಿ.ಮೀ., ಮೂಲೆಯಿಂದ ಮೂಲೆಗೆ ಸ್ಪ್ಯಾನ್ ಸುಮಾರು 4.4 ಮೀಟರ್. ಒಂದು ಮೀಟರ್ ಎತ್ತರದ ಪಟ್ಟಿ ತೆಗೆದುಕೊಳ್ಳೋಣ. 67 ಮೀಟರ್ ಕಡಲ ನೀರಿನ ಒತ್ತಡ: 67 × 1.025 × 9.81, ಅಂದರೆ ಪ್ರತಿ ಚದರ ಮೀಟರಿಗೆ 674 ಕಿಲೋನ್ಯೂಟನ್. ಎರಡು ಕಡೆ ಸಮನಾದ ಆಧಾರ ಇರುವುದರಿಂದ ತುದಿಯ ಶಿಯರ್ ಒಟ್ಟು ಭಾರದ ಅರ್ಧ: 674 × 4.4 ÷ 2, ಸುಮಾರು 1,480 ಕಿಲೋನ್ಯೂಟನ್. ತುದಿಗಳು ಬಿಗಿಯೋ ಸಡಿಲವೋ ಎಂಬ ಚರ್ಚೆ ಬೆಂಡಿಂಗ್ ಮೊಮೆಂಟಿಗೆ (ಬಾಗಿಸುವ ಪರಿಣಾಮಕ್ಕೆ) ಬೇಕು, ಶಿಯರ್‌ಗೆ ಬೇಡ. ಎರಡು ತುದಿಗಳೂ ಒಂದೇ ಥರ ಇದ್ದರೆ ಸಾಕು, ಅರ್ಧರ್ಧ ಹಂಚಿಹೋಗುತ್ತದೆ. ಮಾಡೆಲ್ ಎಷ್ಟೇ ನಾಜೂಕಾಗಿರಲಿ, ಈ ಅಂಕಿಯಿಂದ ಬಹಳ ದೂರ ಹೋಗುವಂತಿಲ್ಲ.

ಎಫೆಕ್ಟಿವ್ ಡೆಪ್ತ್ (ಒತ್ತುವ ಮೈಯಿಂದ ಎಳೆತದ ಕಂಬಿಯವರೆಗಿನ ದೂರ) 490 ಮಿ.ಮೀ. ಎಂದು ಹಿಡಿದರೆ ಶಿಯರ್ ಸ್ಟ್ರೆಸ್, ಅಂದರೆ ವಿಸ್ತೀರ್ಣದ ಲೆಕ್ಕಕ್ಕೆ ಬರುವ ಬಲ, ಸುಮಾರು 3.0 ಮೆಗಾಪ್ಯಾಸ್ಕಲ್. ನಮ್ಮ ಕೋಡಿನಲ್ಲಿ ಎಂ 40 ಎಂಬ ದರ್ಜೆಯ ಮತ್ತು ಅದಕ್ಕೂ ಮೇಲಿನ ಕಾಂಕ್ರೀಟಿಗೆ, ಶೇ. 3ರಷ್ಟು ಕಂಬಿ ಇದ್ದರೂ, ರಿಂಗ್ (ಶಿಯರ್ ತಡೆಯುವ ಅಡ್ಡ ಕಂಬಿ) ಇಲ್ಲದೆ ಒಪ್ಪುವುದು 1.01. ಉದ್ದಕ್ಕೆ ಒತ್ತುವ ಬಲ ಇದ್ದರೆ ಇದನ್ನು ಹೆಚ್ಚೆಂದರೆ ಒಂದೂವರೆ ಪಟ್ಟು ಮಾಡಬಹುದು, ಅಂದರೆ 1.5 ಚಿಲ್ಲರೆ. ಇನ್ನೂ ಲೋಡ್ ಫ್ಯಾಕ್ಟರ್ (ಸುರಕ್ಷತೆಗೆಂದು ಭಾರವನ್ನು ಹೆಚ್ಚಿಸುವ ಗುಣಕ) ಹಾಕಿಯೇ ಇಲ್ಲ, ಆಗಲೇ ಮಿತಿಯ ಎರಡು ಪಟ್ಟಾಯಿತು. ಗೋಡೆ ದಪ್ಪ ಮಾಡಬೇಕು, ಇಲ್ಲವೇ ತುಂಬ ರಿಂಗ್ ಹಾಕಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ತರಗತಿಯಲ್ಲಿ ಬಿಟ್ಟುಬಿಡುವುದೇ ಹೆಚ್ಚು. ಆಧಾರದ ಅಂಚಿನಿಂದ ಎಫೆಕ್ಟಿವ್ ಡೆಪ್ತ್‌ನಷ್ಟು ದೂರದಲ್ಲಿರುವ ಶಿಯರ್ ಹಿಡಿದರೆ ಸಾಕು ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹಾಗೆ ಮಾಡಿದರೆ ಇಲ್ಲಿ 2.35 ಮೆಗಾಪ್ಯಾಸ್ಕಲ್ ಬರುತ್ತದೆ. ಆದರೆ ಕೋಡ್ ಈ ರಿಯಾಯಿತಿಗೆ ಒಂದು ಷರತ್ತು ಹಾಕಿದೆ: ಆಧಾರದ ಪ್ರತಿಕ್ರಿಯೆ ತೊಲೆಯ ತುದಿಯನ್ನು ಒತ್ತುವಂತಿರಬೇಕು. ಕಂಬದ ಮೇಲೆ ಕೂತ ತೊಲೆಗೆ ಅದು ಸರಿ. ಟ್ರೈಸೆಲ್ ಗೋಡೆ ಮೂಲೆಯ ಮೇಲೆ ಕೂತಿಲ್ಲ, ಮೂಲೆಯಿಂದ ನೇತುಬಿದ್ದಂತಿದೆ. ಒಳಗಿನ ನೀರು ಗೋಡೆಗಳನ್ನು ದೂರ ತಳ್ಳುತ್ತದೆ, ಮೂಲೆ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ಅಂಚಿನ ಶಿಯರನ್ನೇ ಹಿಡಿಯಬೇಕು. ಷರತ್ತಿನ ಸಾಲು ಮರೆತು ಬರೀ ಸೂತ್ರ ನೆನಪಿಟ್ಟುಕೊಂಡವರು ಇಲ್ಲೇ ಜಾರುತ್ತಾರೆ.

ಕಂಪ್ಯೂಟರಿನಲ್ಲಿ ಆದದ್ದು

ಇಡೀ ತಳಭಾಗದ ವಿಶ್ಲೇಷಣೆಯನ್ನು ನಾಸ್ಟ್ರಾನ್ ಎಂಬ ಫೈನೈಟ್ ಎಲಿಮೆಂಟ್ ಪ್ರೋಗ್ರಾಂನಲ್ಲಿ ಮಾಡಿದ್ದರು. ಕಟ್ಟಡವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆಯಾಗಿ (ಮೆಶ್) ಒಡೆದು, ಅವು ಸೇರುವ ನೋಡ್ ಎಂಬ ಬಿಂದುಗಳ ಮೂಲಕ ಲೆಕ್ಕ ಮಾಡುವ ವಿಧಾನ ಇದು. ವಿಮಾನ, ಕಾರು, ಸೇತುವೆ ಎಲ್ಲಕ್ಕೂ ಬಳಕೆಯಾಗುತ್ತಿದ್ದ, ನುರಿತ ಪ್ರೋಗ್ರಾಂ ಅದು. 24 ಕೋಶಗಳ ಪೂರ್ತಿ ಮಾಡೆಲ್ ಎಂದರೆ 1980ರ ದಶಕದ ಕೊನೆಯ ಕಂಪ್ಯೂಟರುಗಳಿಗೆ ದೊಡ್ಡ ಹೊರೆ. ಎಲಿಮೆಂಟುಗಳನ್ನು ದೊಡ್ಡದಾಗಿ ಇಟ್ಟುಕೊಳ್ಳದೆ ಗತಿಯಿರಲಿಲ್ಲ. ಟ್ರೈಸೆಲ್ ಗೋಡೆಗೆ ಬಂದದ್ದು ಬೆರಳೆಣಿಕೆಯಷ್ಟು ಎಲಿಮೆಂಟು. ಮೂಲೆಯ ಹತ್ತಿರ ಅವು ಚೌಕವಾಗಿಯೂ ಇರಲಿಲ್ಲ, ಓರೆಯಾಗಿ ಎಳೆದಂತಿದ್ದವು.

ಇಂಥ ಎಲಿಮೆಂಟಿನಲ್ಲಿ ಸ್ಟ್ರೆಸ್ ನಂಬಿಕೆಗೆ ಅರ್ಹವಾಗಿರುವುದು ನಡುಭಾಗದಲ್ಲಿ. ಆದರೆ ಡಿಸೈನಿಗೆ ಬೇಕಾದದ್ದು ಗೋಡೆಯ ತುದಿಯಲ್ಲಿ. ನಡುವಿನ ಅಂಕಿಗಳ ಮೂಲಕ ಗೆರೆ ಎಳೆದು ಅದನ್ನು ತುದಿಯವರೆಗೆ ಮುಂದುವರಿಸಿ ಶಿಯರ್ ತೆಗೆದರು. ಸಮನಾಗಿ ಹರಡಿದ ಭಾರಕ್ಕೆ ಶಿಯರ್ ನೇರ ಗೆರೆಯಲ್ಲಿ ಏರಿ ತುದಿಯಲ್ಲಿ ಗರಿಷ್ಠವಾಗುತ್ತದೆ. ಕೆಲವೇ ಬಿಂದುಗಳಿಂದ, ಅದೂ ಓರೆ ಎಲಿಮೆಂಟುಗಳಿಂದ ಎಳೆದ ಗೆರೆ ತುದಿಗೆ ಬರುವಷ್ಟರಲ್ಲಿ ಬೇರೆಲ್ಲೋ ಹೋಗಿತ್ತು. ಬಂದ ಶಿಯರ್ ನಿಜವಾದದ್ದಕ್ಕಿಂತ ಶೇ. 45ರಿಂದ 47ರಷ್ಟು ಕಡಿಮೆ. ಮೇಲಿನ ಕೈಲೆಕ್ಕಕ್ಕೆ ಹೊಂದಿಸಿದರೆ 1,480ರ ಜಾಗದಲ್ಲಿ 800 ಚಿಲ್ಲರೆ. ಸ್ಟ್ರೆಸ್ 1.6 ಮೆಗಾಪ್ಯಾಸ್ಕಲ್ ಸುತ್ತಮುತ್ತ ಬರುತ್ತದೆ, ಬಲವಾದ ಕಾಂಕ್ರೀಟು ಮತ್ತು ಒತ್ತುಬಲದ ರಿಯಾಯಿತಿ ಸೇರಿಸಿದರೆ ಪಾಸಾಗುವ ಅಂಕಿ ಅದು. ತಪ್ಪು ಅಂಕಿ ಅಸಂಬದ್ಧವಾಗಿ ಕಂಡಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ನಂಬುವ ಹಾಗಿತ್ತು, ಅದೇ ಕಷ್ಟ.

ಫೈನೈಟ್ ಎಲಿಮೆಂಟ್ ಕಲಿಸುವವರು ಈ ಪ್ರಕರಣದಲ್ಲಿ ಹೆಚ್ಚು ಒತ್ತು ಕೊಡಬೇಕಾದ ಮಾತು ಒಂದಿದೆ. ಮೆಶ್ ಎಷ್ಟೇ ಒರಟಾಗಿರಲಿ, ನೋಡ್‌ಗಳಲ್ಲಿನ ಬಲಗಳು ಹೊರಗಿನ ಭಾರದೊಂದಿಗೆ ಸಮತೋಲನದಲ್ಲಿ ಇದ್ದೇ ಇರುತ್ತವೆ, ಆ ವಿಧಾನದ ಸಮೀಕರಣಗಳೇ ಹಾಗೆ ಕಟ್ಟಿದ್ದು. ಸ್ಟ್ರೆಸ್‌ಗೆ ಆ ಖಾತ್ರಿ ಇಲ್ಲ. ಸ್ಟ್ರೆಸ್ಸನ್ನು ಸ್ಥಾನಪಲ್ಲಟದಿಂದ ಡಿಫರೆನ್ಷಿಯೇಟ್ ಮಾಡಿ ತೆಗೆಯುವುದರಿಂದ ಒರಟು ಮೆಶ್‌ನ ದೋಷವೆಲ್ಲ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಗೋಡೆಯ ತುದಿಯಲ್ಲಿ ಒಂದು ಕಟ್ ಹಾಕಿ, ಆ ಕಟ್‌ನ ಒಂದು ಮಗ್ಗುಲಿನ ಎಲಿಮೆಂಟುಗಳ ನೋಡ್ ಬಲಗಳನ್ನು ಕೂಡಿಸಿದ್ದರೆ ಅದೇ ಮಾಡೆಲ್, ಅದೇ ಮೆಶ್, ಅದೇ ಕಂಪ್ಯೂಟರ್ ಹತ್ತಿರ ಹತ್ತಿರ ಸರಿಯಾದ ಶಿಯರನ್ನೇ ಕೊಡುತ್ತಿತ್ತು. ಸರಿಯುತ್ತರಕ್ಕೆ ಬೇಕಾದ ಸಾಮಗ್ರಿ ಕಂಪ್ಯೂಟರಿನೊಳಗೇ ಇತ್ತು. ಕೇಳಿದ ಜಾಗ ಬೇರೆ.

ಹಾಗಾದರೆ ವಾಡಿಕೆಯ ತಪಾಸಣೆಗೆ ಇದು ಯಾಕೆ ಸಿಗಲಿಲ್ಲ? ಎಲ್ಲ ಕಚೇರಿಗಳಲ್ಲೂ ಮಾಡುವ ಮೊದಲ ತಪಾಸಣೆ ಒಟ್ಟು ಭಾರ ಮತ್ತು ಆಧಾರಗಳ ಒಟ್ಟು ರಿಯಾಕ್ಷನ್ (ಪ್ರತಿಕ್ರಿಯೆ) ಹೊಂದುತ್ತವೆಯೇ ಎಂಬುದು. ಸ್ಲೈಪ್ನರ್ ಮಾದರಿಯ ತಪ್ಪಿಗೆ ಅದು ಉಪಯೋಗಕ್ಕೆ ಬಾರದು. ಮೇಲೆ ಹೇಳಿದ ಕಾರಣಕ್ಕೇ ಒಟ್ಟು ಲೆಕ್ಕ ಯಾವಾಗಲೂ ಹೊಂದುತ್ತದೆ, ಒರಟು ಮೆಶ್‌ನಲ್ಲೂ ಹೊಂದುತ್ತದೆ. ಕಟ್ ಹಾಕಬೇಕಾದದ್ದು ಒಂದೊಂದು ಗೋಡೆಗೆ. ಅಪಘಾತವಾದ ಮೇಲೆ ಸೂಕ್ಷ್ಮವಾದ ಮೆಶ್‌ನಲ್ಲಿ ಮತ್ತೆ ಲೆಕ್ಕ ಮಾಡಿದಾಗ, ಈ ಡಿಸೈನ್ 62 ಮೀಟರ್ ನೀರಿಗೆ ಒಡೆಯುತ್ತದೆ ಎಂದು ಬಂತು. ನಿಜವಾಗಿ ಒಡೆದದ್ದಕ್ಕೆ ತೀರ ಹತ್ತಿರ. ವಿಧಾನದಲ್ಲಿ ದೋಷವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಗಿಡ್ಡ ಕಂಬಿ

ನಾರ್ವೆಯ ಸಂಶೋಧನಾ ಸಂಸ್ಥೆ ಸಿಂಟೆಫ್‌ನ ತನಿಖೆ ಎರಡು ಕಾರಣಗಳನ್ನು ಒಟ್ಟಿಗೆ ಇಟ್ಟಿತು: ಶಿಯರ್ ಲೆಕ್ಕದ ದೋಷ ಮತ್ತು ಮೂಲೆಯ ಕಂಬಿಯ ಆಂಕರೇಜ್ (ಕಾಂಕ್ರೀಟಿನಲ್ಲಿ ಹಿಡಿತ) ಸಾಲದೇ ಹೋದದ್ದು. ಎರಡನೆಯದು ಸುದ್ದಿಯಾಗಲಿಲ್ಲ, ಏಕೆಂದರೆ ಅದರಲ್ಲಿ ಕಂಪ್ಯೂಟರ್ ಇಲ್ಲ. ಕಟ್ಟಡ ಕಟ್ಟುವವರಿಗೆ ಮಾತ್ರ ಅದೇ ಹೆಚ್ಚು ಹತ್ತಿರದ ವಿಷಯ.

ಟ್ರೈಸೆಲ್ ಮೂಲೆಯಲ್ಲಿ ಸೀಳುವ ಎಳೆತವನ್ನು ತಡೆಯಲು ಅಡ್ಡಲಾಗಿ ಟಿ ತಲೆಯ ಕಂಬಿಗಳನ್ನು ಹಾಕಿದ್ದರು. ಕಂಬಿಯ ಎರಡು ತುದಿಗಳಿಗೆ ಚಪ್ಪಟೆ ಉಕ್ಕಿನ ತುಂಡು ಬೆಸೆದಿರುತ್ತಾರೆ. ಕೊಕ್ಕೆ ಬಗ್ಗಿಸಲು ಜಾಗವಿಲ್ಲದ ಕಡೆ ಆ ತಲೆಯೇ ಕಾಂಕ್ರೀಟನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ 25 ಮಿ.ಮೀ. ಕಂಬಿ, ಉದ್ದ ಸುಮಾರು ಒಂದು ಮೀಟರ್, ಅಂತರ 170 ಮಿ.ಮೀ. ಒಂದು ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದರೆ 2,900 ಚದರ ಮಿ.ಮೀ.ಗೆ ಸ್ವಲ್ಪ ಕಡಿಮೆ ಉಕ್ಕು. ಪ್ರಮಾಣ ತೀರ ಕಡಿಮೆಯೇನಲ್ಲ. ಉದ್ದ ಮಾತ್ರ ಸಾಲದು. ಕಂಬಿಯ ತಲೆ ಗೋಡೆಯ ಆಚೆ ಮಗ್ಗುಲಿನಲ್ಲಿ ಕಾಂಕ್ರೀಟ್ ಒತ್ತಡದಲ್ಲಿರುವ ಭಾಗದವರೆಗೆ ತಲುಪಬೇಕಿತ್ತು, ಅದಕ್ಕೆ ಮುಂಚೆಯೇ ನಿಂತಿತ್ತು.

ಶಿಯರ್ ಬಿರುಕು ಓರೆಯಾಗಿ ಏಳುತ್ತದೆ. ಅದನ್ನು ಹೊಲಿದಿಡಬೇಕಾದ ಕಂಬಿ ಬಿರುಕಿನ ಎರಡೂ ಮಗ್ಗುಲಿಗೆ ಹಿಡಿತ ಪಡೆದಿರಬೇಕು. ಇಲ್ಲಿ ಬಿರುಕು ಕಂಬಿಯ ತಲೆಯನ್ನು ಬಳಸಿಕೊಂಡು ಆಚೆ ದಾಟಿಬಿಟ್ಟಿತು. ಕಂಬಿ ಹರಿಯಲಿಲ್ಲ, ಅದು ಕೆಲಸಕ್ಕೇ ಬರಲಿಲ್ಲ. ನೆಟ್ಟಗಿನ ಸ್ಟ್ರಟ್ (ಒತ್ತಡ ಹೊರುವ ಕಾಂಕ್ರೀಟ್ ದಾರಿ) ಮತ್ತು ಟೈ (ಎಳೆತ ಹೊರುವ ಕಂಬಿ) ಚಿತ್ರವೊಂದನ್ನು ಪೆನ್ಸಿಲ್ಲಿನಲ್ಲಿ ಬರೆದರೆ ಟೈ ಎಲ್ಲಿ ಮುಗಿಯಬೇಕು ಎಂಬುದು ತಾನೇ ಗೊತ್ತಾಗುತ್ತದೆ: ಓರೆ ಸ್ಟ್ರಟ್ ಬಂದು ಸೇರುವ ನೋಡಿನ ಹಿಂದೆ. ಗಾತ್ರ ಮತ್ತು ಅಂತರವನ್ನು ಮಾತ್ರ ಕೊಡುವ ಟೇಬಲ್ಲಿನಿಂದ ಇದು ಗೊತ್ತಾಗುವುದಿಲ್ಲ. ಬೆಂಗಳೂರಿನಂಥ ಊರಿನ ಡಿಸೈನ್ ಕಚೇರಿಗಳಲ್ಲಿ ಮೆಶ್ ಮಾಡುವವರು ಒಬ್ಬರು, ಕಂಬಿ ಡ್ರಾಯಿಂಗ್ ಬಿಡಿಸುವವರು ಇನ್ನೊಬ್ಬರು, ಸೈಟಿನ ಬಾರ್ ಬೆಂಡಿಂಗ್ ಶೆಡ್ಯೂಲ್ ಮೂರನೆಯವರದ್ದು. ಬಲ ಎತ್ತ ಹರಿಯುತ್ತದೆ ಎಂಬ ಚಿತ್ರ ಮೊದಲನೆಯವರ ತಲೆಯಲ್ಲೇ ಉಳಿದರೆ ಕಂಬಿಯ ಉದ್ದ ತೀರ್ಮಾನವಾಗುವುದು ಮೂಲೆಯಲ್ಲಿ ತೂರಿಸಲು ಎಷ್ಟು ಸುಲಭ ಎಂಬುದರ ಮೇಲೆ.

ಮತ್ತೆ ಕಟ್ಟಿದ್ದು

ಡೆಕ್ ತಯಾರಾಗುತ್ತಿತ್ತು, ಯುರೋಪಿಗೆ ಅನಿಲ ಪೂರೈಸುವ ಒಪ್ಪಂದದ ತಾರೀಖು ಹತ್ತಿರವಾಗುತ್ತಿತ್ತು. ಹೊಸ ಕಂಪ್ಯೂಟರ್ ಮಾಡೆಲ್ ಕಟ್ಟಿ, ತಪಾಸಿಸಿ, ಫಲಿತಾಂಶ ಬರುವವರೆಗೆ ಕಾಯುವಂತಿರಲಿಲ್ಲ. ನಾರ್ವೇಜಿಯನ್ ಕಾಂಟ್ರಾಕ್ಟರ್ಸ್ ಎರಡು ದಶಕದ ಹಿಂದೆ ಮೊದಲ ಕಾಂಡೀಪ್‌ಗಳಿಗೆ ಬಳಸಿದ್ದ ಸ್ಲೈಡ್ ರೂಲ್ ಕಾಲದ ಕೈಲೆಕ್ಕದಿಂದಲೇ ಡಿಸೈನ್ ಮುಂದುವರಿಸಿತು. ಕಂಪ್ಯೂಟರ್ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಡಿಸೈನ್ ಪೂರ್ತಿ ಮುಗಿದು, ಕಟ್ಟಡವೂ ಬಹುಪಾಲು ಎದ್ದಿತ್ತು. 1993ರ ಏಪ್ರಿಲ್ 29ರಂದು ಹೊಸ ತಳಭಾಗದ ಮೇಲೆ ಡೆಕ್ ಕೂತಿತು.

ಇದನ್ನು ಹಳೆಯದೇ ಚೆನ್ನಾಗಿತ್ತು ಎಂಬ ವಾದಕ್ಕೆ ಬಳಸುವವರಿದ್ದಾರೆ. ಹಾಗೆ ಹೇಳುವಂತಿಲ್ಲ. ಕೈಲೆಕ್ಕ ಮಾಡಬಲ್ಲವರು ಆ ಸಂಸ್ಥೆಯಲ್ಲಿ ಇನ್ನೂ ಇದ್ದರು ಎಂಬುದು ಅದೃಷ್ಟ. ಇದೇ ಸಂಸ್ಥೆ ಮುಂದೆ ಟ್ರೋಲ್ ಎ ಕಟ್ಟಿತು. 303 ಮೀಟರ್ ಆಳದ ನೀರಿನಲ್ಲಿ ನಿಲ್ಲುವ, ಒಟ್ಟು 472 ಮೀಟರ್ ಎತ್ತರದ ಆ ವೇದಿಕೆಯನ್ನು 1995ರಲ್ಲಿ ಕಡಲಿಗೆ ಎಳೆದೊಯ್ದರು. ಅಂಥದ್ದನ್ನು ಬರೀ ಸ್ಲೈಡ್ ರೂಲ್ ನೆಚ್ಚಿ ಯಾರೂ ಕಟ್ಟುವುದಿಲ್ಲ.

ಲ್ಯಾಬಿನಲ್ಲಿ ಈ ಪ್ರಕರಣ

ಇಂಜಿನಿಯರಿಂಗ್ ಕಾಲೇಜಿನ ಲ್ಯಾಬುಗಳಲ್ಲಿ ಇದನ್ನು ಎರಡು ತಾಸಿನ ಅಭ್ಯಾಸವಾಗಿ ಮಾಡಿಸಬಹುದು. ಘನ ಎಲಿಮೆಂಟ್ ಇರುವ ಯಾವ ಪ್ರೋಗ್ರಾಂ ಆದರೂ ಸರಿ. 4.4 ಮೀಟರ್ ಉದ್ದ, 0.55 ದಪ್ಪ, 1 ಮೀಟರ್ ಅಗಲದ ಪಟ್ಟಿ, ಎರಡೂ ತುದಿ ಬಿಗಿ, ಒಂದು ಮೈಮೇಲೆ 674ರ ಒತ್ತಡ. ಪ್ರೋಗ್ರಾಂ ಓಡಿಸುವ ಮೊದಲೇ ತುದಿಯ ಶಿಯರ್ ಎಷ್ಟು ಬರಬೇಕೆಂದು ವಿದ್ಯಾರ್ಥಿ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಬೇಕು. ಉತ್ತರ ನೋಡಿದ ಮೇಲೆ ಎಲ್ಲರ ಅಂದಾಜೂ ಸರಿಯಾಗಿಬಿಡುತ್ತದೆ.

ಮೊದಲ ಮೆಶ್‌ನಲ್ಲಿ ಉದ್ದಕ್ಕೆ 4, ದಪ್ಪಕ್ಕೆ 1 ಎಲಿಮೆಂಟ್. ಎರಡನೆಯದರಲ್ಲಿ ಅಷ್ಟೇ ಎಲಿಮೆಂಟು, ಆದರೆ ತುದಿಯವನ್ನು 45 ಡಿಗ್ರಿ ಓರೆ ಮಾಡಬೇಕು. ಮೂರನೆಯದರಲ್ಲಿ ಉದ್ದಕ್ಕೆ 32, ದಪ್ಪಕ್ಕೆ 6. ಪ್ರತಿಯೊಂದರಲ್ಲೂ ತುದಿಯ ಶಿಯರನ್ನು ಎರಡು ದಾರಿಯಲ್ಲಿ ತೆಗೆಯಬೇಕು: ಎಲಿಮೆಂಟ್ ಸ್ಟ್ರೆಸ್ಸನ್ನು ತುದಿಗೆ ಮುಂದುವರಿಸಿ ದಪ್ಪದ ಉದ್ದಕ್ಕೂ ಕೂಡಿಸುವುದು ಒಂದು, ನೋಡ್ ಬಲ ಕೂಡಿಸುವುದು ಇನ್ನೊಂದು. ನೋಡ್ ಬಲದ ದಾರಿಯಲ್ಲಿ ಮೂರೂ ಮೆಶ್ 1,483 ಕೊಡುತ್ತವೆ. ಸ್ಟ್ರೆಸ್ ದಾರಿಯಲ್ಲಿ ಮೊದಲೆರಡು ಮೆಶ್‌ಗಳ ಉತ್ತರ ಎಲಿಮೆಂಟಿನ ಬಗೆಗೆ ತಕ್ಕಂತೆ ಎಲ್ಲೆಲ್ಲೋ ಹೋಗುತ್ತದೆ, ಕೆಲವರಿಗೆ ಕಡಿಮೆ, ಕೆಲವರಿಗೆ ಹೆಚ್ಚು. ಎಂಟು ನೋಡಿನ ಸಾದಾ ಎಲಿಮೆಂಟಿನಲ್ಲಿ ಬಾಗುವಿಕೆಯಿಂದಾಗಿ ಇಲ್ಲದ ಶಿಯರ್ ಕೂಡ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಲಾಕಿಂಗ್ ಎನ್ನುತ್ತಾರೆ. ಬಣ್ಣದ ಚಿತ್ರವನ್ನು ಮಾತ್ರ ನೋಡಿದರೆ ಮೂರೂ ಮಾಡೆಲ್ ಸೊಗಸಾಗಿಯೇ ಇರುತ್ತವೆ. ಬಣ್ಣ ನುಣುಪಾಗಿ ಕಾಣಲೆಂದು ಪ್ರೋಗ್ರಾಂ ಅಕ್ಕಪಕ್ಕದ ಎಲಿಮೆಂಟುಗಳ ಅಂಕಿಯನ್ನು ಸರಾಸರಿ ಮಾಡಿಬಿಡುತ್ತದೆ. ಸರಾಸರಿ ಮಾಡದ ಚಿತ್ರವನ್ನು ತೆರೆದರೆ ಎಲಿಮೆಂಟಿನ ಅಂಚಿನಲ್ಲಿ ಅಂಕಿ ಹಠಾತ್ತನೆ ಜಿಗಿಯುವುದು ಕಾಣುತ್ತದೆ. ಜಿಗಿತ ದೊಡ್ಡದಿದ್ದ ಕಡೆ ಮೆಶ್ ಸಾಲದು.

ಕಚೇರಿ ಕೆಲಸಕ್ಕೆ ಇದರಿಂದ ನೇರವಾಗಿ ಸಿಗುವ ರೂಢಿ ಹೀಗಿದೆ. ಗೋಡೆ, ರಾಫ್ಟ್ (ಚಪ್ಪಡಿಯಂಥ ಅಡಿಪಾಯ), ನೀರಿನ ಟ್ಯಾಂಕುಗಳಿಗೆ ಶಿಯರ್ ತೆಗೆಯುವಾಗ ಪ್ಲೇಟ್ ಸ್ಟ್ರೆಸ್ಸಿನ ಗರಿಷ್ಠ ಅಂಕಿಯನ್ನು ಎತ್ತಿಕೊಳ್ಳುವ ಬದಲು ಸೆಕ್ಷನ್ ಕಟ್ ಹಾಕಬೇಕು. ಕಟ್ಟಡ ವಿಶ್ಲೇಷಣೆಯ ಈಟ್ಯಾಬ್ಸ್‌ನಂಥ ಪ್ರೋಗ್ರಾಂಗಳಲ್ಲಿ ಆ ಸೌಲಭ್ಯ ನೋಡ್ ಬಲಗಳನ್ನೇ ಕೂಡಿಸಿ ಕೊಡುತ್ತದೆ. ಕಟ್ ಎಲಿಮೆಂಟಿನ ಗೆರೆಯ ಮೇಲೆ ಬೀಳಬೇಕು, ಮತ್ತು ಯಾವ ಮಗ್ಗುಲಿನ ಎಲಿಮೆಂಟು ಗ್ರೂಪಿನಲ್ಲಿವೆ ಎಂದು ನೋಡಿಕೊಳ್ಳಬೇಕು. ಎರಡೂ ಮಗ್ಗುಲು ಸೇರಿದರೆ ಬಲಗಳು ಒಂದನ್ನೊಂದು ಕಳೆದು ಸೊನ್ನೆಗೆ ಹತ್ತಿರದ ಅಂಕಿ ಬರುತ್ತದೆ, ಅದನ್ನು ಸಣ್ಣ ಶಿಯರ್ ಎಂದುಕೊಂಡು ಮುಂದೆ ಹೋಗುವವರಿದ್ದಾರೆ. ಕಟ್‌ನ ಅಂಕಿಯ ಪಕ್ಕದಲ್ಲಿ ಕೈಲೆಕ್ಕದ ಅಂಕಿ ಬರೆದು, ಹತ್ತು ಹದಿನೈದು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಸಿಗುವವರೆಗೆ ಡ್ರಾಯಿಂಗ್ ಹೊರಗೆ ಕಳಿಸಬಾರದು. ಕಾರಣ ಕೆಲವೊಮ್ಮೆ ಸಾಚಾ ಇರುತ್ತದೆ: ಒಂದು ತುದಿ ಇನ್ನೊಂದಕ್ಕಿಂತ ಗಟ್ಟಿ, ಅಥವಾ ಭಾರ ಇನ್ನೊಂದು ದಿಕ್ಕಿನಲ್ಲೂ ಹಂಚಿಹೋಗಿದೆ. ಆಗ ಅದನ್ನು ಲೆಕ್ಕದ ಹಾಳೆಯಲ್ಲೇ ಒಂದು ಸಾಲು ಬರೆದಿಟ್ಟರೆ ಮುಂದೆ ತಪಾಸಣೆ ಮಾಡುವವರಿಗೆ ಕೆಲಸ ಉಳಿಯುತ್ತದೆ. ಡ್ರಾಯಿಂಗ್ ತಪಾಸಿಸುವಾಗ ಕಂಬಿಯ ಗಾತ್ರ ಮತ್ತು ಅಂತರದ ಜೊತೆ ಅದರ ಎರಡೂ ತುದಿ ಎಲ್ಲಿ ನಿಲ್ಲುತ್ತವೆ ಎಂಬುದಕ್ಕೂ ಟಿಕ್ ಹಾಕಬೇಕು. ಮೂಲೆಗಳಲ್ಲಂತೂ ದೊಡ್ಡ ಸ್ಕೇಲಿನ ಪ್ರತ್ಯೇಕ ಚಿತ್ರ ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ 1:100ರ ಹಾಳೆಯಲ್ಲಿ ಅರ್ಧ ಅಡಿ ಗಿಡ್ಡಾದ ಕಂಬಿ ಒಂದೂವರೆ ಮಿ.ಮೀ. ಮಾತ್ರ.